ಜೋಡಿಗೂಡು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂದೆ
ಅಬ್ಬನ ರೀಲಿಂಗ್ ಷೆಡ್ಡು, ಅದರ ಮೇಲೆ ನನ್ನ ಕೋಣೆ.
ಕೆಳಗೆ ಬೇಯುವ ಗೂಡಿನ ನಾತ, ಮೇಲೆ ಬೆಸುಗೆಯ ಹೊಗೆ.
ಮೂಗಿಗೆ ಎರಡೂ ಹಳೇ ನೆಂಟರು.

ಮೇಜಿನ ಮೇಲೊಂದು ಚಿಪ್ಪು, ತೊಗರಿಬೇಳೆಯಷ್ಟು ಅಗಲ.
ನಾಲ್ಕೇ ನಾಲ್ಕು ಕಿಲೋಬೈಟು ನೆನಪು.
ಎರಡು ಪೆನ್ಸಿಲ್ ಸೆಲ್ಲಿನಲ್ಲಿ ವರ್ಷ ದೂಡಬೇಕು,
ಹಾಗಾಗಿ ಮಲಗಿರುವುದೇ ಹೆಚ್ಚು:
ಕಾಲು ಗಂಟೆ ನಿದ್ದೆ, ಒಂದು ಚಣ ಎಚ್ಚರ,
ಶಾಖ ನೋಡು, ತೇವ ನೋಡು,
ಹೀಟರಿಗೆ ಹೂಂ ಅನ್ನು ಇಲ್ಲವೇ ಬೇಡ ಅನ್ನು,
ಮತ್ತೆ ಮಲಗು.
ನಿದ್ದೆಯಲ್ಲೂ ನೆನಪಿಗೆ ಮಾತ್ರ ಒಂದು ಗುಟುಕು ಕರೆಂಟು.
ಜ್ವರಕ್ಕೆ ಕೂತ ಹುಳದ ಹಾಗೆ,
ತಲೆಯೆತ್ತಿ, ಸೊಪ್ಪು ಮುಟ್ಟದೆ, ಚರ್ಮ ಕಳಚುತ್ತ,
ತಾನು ಯಾರೆಂಬುದನ್ನಷ್ಟೇ ಇಟ್ಟುಕೊಂಡು.

ಮೇಲೂರಿನ ಮುನಿನರಸಮ್ಮನ ಹುಳದ ಮನೆಗೆ
ಇಂಥದೊಂದು ಕಟ್ಟಿಕೊಟ್ಟಿದ್ದೆ.
"ಇಂಗ್ಲೀಷ್ನಾಗೆ ಏನೋ ಮಿಣುಕ್ತೈತೆ, ಯಾರ್ದೋ ಮಿಶಿನ್ನು ಇದ್ದಂಗೈತೆ.
ನನ್ನೆಸರು ಹಾಕಮ್ಮಿ" ಅಂದಳು. ಹಾಕಿದೆ, ಕನ್ನಡದಲ್ಲೇ.
ಪರದೆಯನ್ನು ಸೆರಗಿನಿಂದ ಒರೆಸಿದಳು. ಧೂಳಿರಲಿಲ್ಲ.

ನಾಲ್ಕನೇ ಜ್ವರದ ರಾತ್ರಿ ಹೀಟರು ಆರಲೇ ಇಲ್ಲ.
ಬೆಳಗ್ಗೆ ಒಳಗೆ ಮೂವತ್ತೆಂಟು.
ಮೂರು ತಟ್ಟೆ ಹುಳ ಕಪ್ಪಗೆ, ಮೆತ್ತಗೆ.
ಅವಳು ಬೈಯಲಿಲ್ಲ. ತಟ್ಟೆ ತೊಳೆದು ಬಿಸಿಲಿಗಿಟ್ಟಳು.
ಗೋಡೆಗೊರಗಿದ ಚಂದ್ರಿಕೆ ತೋರಿಸಿ ಹೇಳಿದಳು:
"ಇಗಾ, ಈ ಪಟ್ಟಿ ಕಿತ್ತೋದ ಕಡೇನೇ ಜೋಡಿಗೂಡು ಬೀಳಾದು.
ಹುಳ ಕೆಟ್ಟದ್ದಲ್ಲ. ಅಡ್ಡ ಇಲ್ಲ, ಅಷ್ಟೇಯ.
ನಿನ್ನ ಪೆಟ್ಟಿಗೇಲಿ ಅಡ್ಡ ಹಾಕಿದೀಯಾ?"

ಹಾಕಿರಲಿಲ್ಲ.

ದೊಡ್ಡ ಕಂಪ್ಯೂಟರಿನಲ್ಲಾದರೆ ಕೆಲಸ ಕೆಲಸಕ್ಕೂ ತನ್ನದೇ ಊರು,
ಮುಂದೆ ಸುಳ್ಳು ವಿಳಾಸದ ಬಾಗಿಲು, ಹಿಂದೆಲ್ಲೋ ನಿಜದ ಮನೆ.
ಇಲ್ಲಿ ಇರುವುದು ಒಂದೇ ಹಜಾರ.
ಬಡ ಚಿಪ್ಪಿಗೆ ಕೊಟ್ಟದ್ದು ಎಂಟು ಅಡ್ಡಪಟ್ಟಿ ಮಾತ್ರ,
ಇನ್ನೂರೈವತ್ತಾರಕ್ಕಿಂತ ಸಣ್ಣದು ಹೆಣೆಯಲು ಬಾರದು,
ಅದೂ ತನ್ನ ಅಳತೆ ಮುಟ್ಟಿದಲ್ಲೇ ಶುರುವಾಗಬೇಕು.
ಆ ಎಂಟನ್ನೂ ಸೋಮಾರಿತನದಲ್ಲಿ
ಮಡಿಚಿಟ್ಟಿದ್ದೆ ನಾನು.

ಶಾಖದ ಮಿತಿ ಇರುವ ತುಂಡಿಗೆ ಬೀಗ ಜಡಿದೆ:
ಓದಬಹುದು, ಬರೆಯಬಾರದು.
ನಿದ್ದೆ ಬಿಟ್ಟೆದ್ದ ಚಿಪ್ಪು ನಾಲ್ಕು ಹೆಜ್ಜೆ ನಡೆದು ನಿಂತೇಬಿಟ್ಟಿತು.
ನಿಂತ ಸಾಲು ಹಿಡಿದು ಹಿಂದೆ ಹಿಂದೆ ಹೋದರೆ
ಸಿಕ್ಕ ಕಳ್ಳ ಯಾರು? ಹೆಸರು.

ಮು ನಿ ನ ರ ಸ ಮ್ಮ.
ಬಾಯಿಗೆ ಆರಕ್ಷರ. ನಾನು ಕಟ್ಟಿದ್ದ ಖಾನೆ ಹದಿನಾರು ಬೈಟು,
ಇಂಗ್ಲೀಷಿನ ಅಕ್ಷರಕ್ಕೆ ಒಂದರಂತೆ ಎಣಿಸಿದ್ದು, ಅಭ್ಯಾಸಬಲ.
ಕನ್ನಡ ಮೂರು ಮೂರು ಕೇಳುತ್ತದೆ.
ಮಕಾರಕ್ಕೆ ಮೂರು, ಕೊಂಬಿಗೆ ಮೂರು, ಗುಡಿಸಿಗೆ ಮೂರು,
ಒತ್ತು ಹೊರುವ, ಕಣ್ಣಿಗೆ ಕಾಣದ ಕೊಕ್ಕೆಗೂ ಮೂರು.
ಒಟ್ಟು ಮೂವತ್ತು.
ರಕಾರ ನಡುವೆಯೇ ಒಡೆದು, ಒಂದು ಪಾಲು ಈಚೆ, ಎರಡು ಪಾಲು ಆಚೆ.
ಆಚೆಗೆ ಹರಿದದ್ದು ಪಕ್ಕದ ಕೋಣೆಯ
ಇಪ್ಪತ್ತಾರು ಡಿಗ್ರಿಯ ಮೇಲೆ ಕೂತಿತ್ತು:
ಅವಳ ಹೆಸರಿನ ಬಾಲವೇ ಅವಳ ಹುಳ ಬೇಯಿಸಿತ್ತು.

ಖಾನೆಯನ್ನು ಮೂವತ್ತೆರಡು ಮಾಡಿದೆ.
ಹೆಸರು, ಕೊನೆಗೊಂದು ಸೊನ್ನೆ, ಆಮೇಲೆ ಒಂದು ಖಾಲಿ.
ಬೀಗ ತೆಗೆಯಲಿಲ್ಲ.
ನಾಳೆ ಇನ್ನೂ ಉದ್ದದ ಹೆಸರಿನವರು ಬಂದರೆ
ನಿಂತು ಕೂಗಿಕೊಳ್ಳಲಿ ಪೆಟ್ಟಿಗೆ,
ಸುಳ್ಳು ಹೇಳುತ್ತ ಓಡುವುದು ಬೇಡ.

ಮೂರು ತಟ್ಟೆಯ ದುಡ್ಡು ಕೊಡಹೋದೆ. ಅರ್ಧ ತೆಗೆದುಕೊಂಡಳು,
ಮಿಕ್ಕಿದ್ದನ್ನು ಹಿಂತಿರುಗಿಸುವಾಗ ಜೊತೆಗೊಂದು ಜೋಡಿಗೂಡು ಕೈಗಿಟ್ಟಳು.
ಅಬ್ಬ ಇಂಥದ್ದನ್ನು ಆರಿಸಿ ಪಕ್ಕಕ್ಕೆಸೆಯುತ್ತಾರೆ,
ತೊಡರಿದ ಎರಡೆಳೆ ಬೇಸಿನ್ನಿನಲ್ಲಿ ಬಿಚ್ಚಿ ಬರುವುದಿಲ್ಲ.

ಅದೀಗ ನನ್ನ ಮೇಜಿನ ಮೇಲೆ, ಬೆಸುಗೆ ಕಡ್ಡಿಯ ಪಕ್ಕ.
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ
ಒಳಗೆ ಎರಡು ಸದ್ದು.
ಒಂದಾದ ಮೇಲೊಂದು ಅಲ್ಲ,
ಒಟ್ಟಿಗೂ ಅಲ್ಲ.